ಪರೀಕ್ಷೆಯ ಗಿರಾಕಿ

ಒಂದು ಕಾಲಕ್ಕೆ ಆ ಮನೆಯಲ್ಲಿ ಫೋನಿಗೆ ಮೆಸೇಜು ಬಂದ ಸದ್ದಾದರೆ ಸಾಕು, ಅಮ್ಮ ಒಲೆಯ ಮೇಲೆ ಏನಿದ್ದರೂ ಉರಿ ತಗ್ಗಿಸಿ ಓಡಿಬರುತ್ತಿದ್ದಳು. ಕನ್ನಡಕ ಕೈಗೆ ಸಿಗದಿದ್ದರೆ ಫೋನನ್ನು ತೋಳುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ ಓದುವಳು. ಓದಿದ್ದೇ ತಡ, ಕಚೇರಿಯಲ್ಲಿರುವ ಮಗಳಿಗೆ ಕರೆ ಮಾಡುವಳು.

“ಒಂಬತ್ತು ಎರಡು. ಸೊನ್ನೆ ಏಳು. ಪುನಃ ಹೇಳ್ತೀನಿ. ಒಂಬತ್ತು ಎರಡು. ಸೊನ್ನೆ ಏಳು. ಕೇಳಿಸ್ತಾ?”

“ಕೇಳಿಸ್ತಮ್ಮ.”

“ಸರಿ, ಇಡ್ತೀನಿ.”

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಅಂಕಿಗಳನ್ನು ಎರಡೆರಡಾಗಿ ಒಡೆದು ಹೇಳಬೇಕು, ಎರಡು ಸಲ ಹೇಳಬೇಕು, ಕೇಳಿಸಿತೇ ಎಂದು ವಿಚಾರಿಸದೆ ಫೋನು ಇಡಬಾರದು ಎಂಬುದು ಅಲ್ಲಿನ ಪದ್ಧತಿ. ಎಕ್ಸ್‌ಚೇಂಜಿನ ಆ ಹಾಲ್ ಹೋಗಿ, ಸ್ವಿಚ್‌ಬೋರ್ಡುಗಳು ಗುಜರಿ ಸೇರಿ ಯಾವ ಕಾಲವಾಯಿತೋ, ಪದ್ಧತಿ ಮಾತ್ರ ಅಮ್ಮನ ನಾಲಗೆಯನ್ನು ಬಿಟ್ಟಿರಲಿಲ್ಲ. ತರಕಾರಿಯವನಿಗೆ ಮನೆ ನಂಬರು ಹೇಳುವಾಗಲೂ “ಪುನಃ ಹೇಳ್ತೀನಿ” ಅನ್ನುವಳು. ಅವನು ಅಷ್ಟರಲ್ಲಿ ಅರ್ಧ ಮೆಟ್ಟಿಲು ಇಳಿದಿರುತ್ತಿದ್ದ. ಆದರೆ ದನಿ ಇತ್ತಲ್ಲ, ಅದಕ್ಕೆ ಎರಡು ಮಾತಿಲ್ಲ. ಗಟ್ಟಿಯೂ ಅಲ್ಲ, ತೆಳುವೂ ಅಲ್ಲ, ಒಂದೊಂದು ಅಕ್ಷರವೂ ತೊಳೆದಿಟ್ಟ ಲೋಟದ ಹಾಗೆ ಸ್ವಚ್ಛ. ಆ ದನಿ ಕೇಳುವುದಕ್ಕೆಂದೇ ಬೇಕಿಲ್ಲದ ನಂಬರುಗಳನ್ನು ವಿಚಾರಿಸುತ್ತಿದ್ದವರು ಇದ್ದರಂತೆ. ಹಾಗೆಂದು ಅಮ್ಮನೇ ಹೇಳಿಕೊಂಡದ್ದು. ಅಮ್ಮ ಅಂಥದ್ದನ್ನೆಲ್ಲ ಸಂಕೋಚವಿಲ್ಲದೆ ಹೇಳಿಕೊಳ್ಳುವವಳೇ.

ಮಗಳ ಕೆಲಸ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಅವಳ ಕಂಪನಿ ಮಾಡಿದ ಆನ್‌ಲೈನ್ ಅಪ್ಲಿಕೇಶನ್ ಒಂದಿತ್ತು. ದರ್ಜಿಗಳು, ಗ್ಯಾರೇಜಿನವರು, ಕ್ಷೌರದಂಗಡಿಯವರು, ಕ್ಲಿನಿಕ್‌ನವರು, ಹೀಗೆ ಗಿರಾಕಿಗೆ ಹೊತ್ತು ಗೊತ್ತುಮಾಡಿ ಕೂರಿಸಬೇಕಾದವರೆಲ್ಲ ಅದರಲ್ಲೇ ಬುಕಿಂಗ್ ತೆಗೆದುಕೊಳ್ಳುತ್ತಿದ್ದರು. ಗಿರಾಕಿಯ ಗುರುತೇ ಅವನ ಫೋನ್ ನಂಬರು. ನಂಬರು ಹಾಕಿದರೆ ನಾಲ್ಕಂಕಿಯ ಕೋಡ್ ಬರುತ್ತದೆ, ಕೋಡ್ ಹಾಕಿದರೆ ಬಾಗಿಲು ತೆರೆಯುತ್ತದೆ. ಮಗಳು ದಿನವಿಡೀ ಗಿರಾಕಿಯ ವೇಷ ಹಾಕಿಕೊಂಡು ಬುಕ್ ಮಾಡುವುದು, ಹೊತ್ತು ಬದಲಿಸುವುದು, ರದ್ದು ಮಾಡುವುದು, ಬರಬೇಕಾದ ಮೆಸೇಜು ಬಂತೋ ಇಲ್ಲವೋ ನೋಡುವುದು ಮಾಡುತ್ತಿದ್ದಳು. ಅವಳ ಕಣ್ಣು ತಪ್ಪಿಸಿ ಒಂದು ತಪ್ಪೂ ಆಚೆ ಹೋಗದು ಎಂದು ಕಚೇರಿಯವರು ಅವಳಿಗೆ ಜರಡಿ ಎಂದು ಹೆಸರಿಟ್ಟಿದ್ದರು. ಹೆಸರು ಅವಳಿಗೆ ಇಷ್ಟವೇ ಆಗಿತ್ತು.

ಕೋಡ್ ಬರಲು ಒಂದು ನಿಜವಾದ ಫೋನ್ ಬೇಕಲ್ಲ? ಕಚೇರಿ ಇಡೀ ತಂಡಕ್ಕೆಂದು ಒಂದೇ ಫೋನ್ ಕೊಟ್ಟಿತ್ತು. ಅದು ಯಾವಾಗ ನೋಡಿದರೂ ಯಾರದೋ ಮೇಜಿನ ಮೇಲೆ, ಇಲ್ಲವೇ ಚಾರ್ಜು ಇಲ್ಲದೆ ಸತ್ತು ಬಿದ್ದಿರುತ್ತಿತ್ತು. ರೋಸಿಹೋಗಿ ಜರಡಿ ಒಂದು ದಿನ ಅಮ್ಮನ ನಂಬರನ್ನೇ ಹಾಕಿಬಿಟ್ಟಳು. ಮನೆಯಲ್ಲಿ ಅಮ್ಮ ಇದ್ದೇ ಇರುತ್ತಾಳೆ, ಓದಿ ಹೇಳುತ್ತಾಳೆ. ಹಾಗೆ ಅಮ್ಮ ಕಂಪನಿಯ ಪರೀಕ್ಷೆಯ ಗಿರಾಕಿಯಾದಳು. ತನ್ನದಲ್ಲದ ಕಾರಿಗೆ ಎಣ್ಣೆ ಬದಲಾಯಿಸಿಕೊಂಡಳು, ಕೋಟು ಹೊಲಿಸಿಕೊಂಡಳು, ಎಲ್ಲದಕ್ಕೂ ಮೆಸೇಜು ಓದಿದಳು.

“ನಿನ್ನೆ ತಾನೇ ನನ್ನ ಗಡ್ಡ ತೆಗೆಸಿದೀಯಲ್ಲೇ ಮರಿ, ಇವತ್ತು ಮತ್ತೆ ಬೆಳೆದುಬಿಡ್ತಾ?” ಎಂದು ಸಂಜೆ ಮಗಳು ಬಂದ ಕೂಡಲೇ ಕೇಳುವಳು. ಮೆಸೇಜಿನಲ್ಲಿ ಹೊತ್ತು ತಪ್ಪಾಗಿದ್ದರೆ ಅದನ್ನೂ ಹಿಡಿದು ಹೇಳುವಳು. ಅಡುಗೆಮನೆಯಲ್ಲಿ ನಿಂತು ದುಡಿಯುವ ಉದ್ಯೋಗ ಸಿಕ್ಕಿದಂತಾಗಿ ಅಮ್ಮನಿಗೆ ಹತ್ತು ವರ್ಷ ಕಡಿಮೆಯಾಗಿತ್ತು.

ಆಮೇಲೆ ಆಟೊಮೇಷನ್ ಬಂತು.

“ಇನ್ನು ಕೈಯಲ್ಲಿ ಒತ್ತೋದು ಸಾಕು,” ಎಂದ ತಂಡದ ಮುಖ್ಯಸ್ಥ. ಮನುಷ್ಯ ಕೆಟ್ಟವನಲ್ಲ; ಏನು ಹೇಳಿದರೂ ಒಳ್ಳೆಯ ಸುದ್ದಿ ಹೇಳಿದಂತೆ ಮುಖ ಅರಳಿಸುವುದೊಂದೇ ಅವನ ಕಾಯಿಲೆ. “ನೀವು ಮಾಡೋ ಪರೀಕ್ಷೆನೆಲ್ಲ ಸ್ಕ್ರಿಪ್ಟ್ ಬರೆದುಬಿಡಿ. ಅದು ತಾನೇ ಲಾಗಿನ್ ಆಗುತ್ತೆ, ತಾನೇ ಬುಕ್ ಮಾಡುತ್ತೆ, ತಾನೇ ನೋಡುತ್ತೆ. ನೀವು ಬೆಳಗ್ಗೆ ಬಂದು ಹಸಿರೋ ಕೆಂಪೋ, ಅಂದ್ರೆ ಪಾಸೋ ಫೇಲೋ, ನೋಡಿದ್ರೆ ಆಯ್ತು.”

ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳಲು ಹೇಳುತ್ತಿದ್ದಾನೇನು ಎಂದು ಜರಡಿ ಮೊದಲು ಅನುಮಾನಪಟ್ಟಳು. ಆದರೆ ಕಲಿಯತೊಡಗಿದ ಮೇಲೆ ಅದರ ರುಚಿ ಹತ್ತಿತು. ತಾನು ಬರೆದ ಸಾಲುಗಳು ಪರದೆಯ ಮೇಲೆ ತಾವಾಗಿ ಓಡಾಡಿ, ಬಟನ್ ಒತ್ತಿ, ಪೆಟ್ಟಿಗೆಗಳಲ್ಲಿ ಹೆಸರು ತುಂಬುವುದನ್ನು ನೋಡುತ್ತ ಕೂತರೆ ಊಟದ ಹೊತ್ತು ಮೀರಿದ್ದೂ ತಿಳಿಯುತ್ತಿರಲಿಲ್ಲ. ಪಕ್ಕದ ಮೇಜಿನ ಪ್ರೋಗ್ರಾಮರ್, ಕೋಡ್‌ಗಾಗಿ ಕಾಯುವ ತಾಪತ್ರಯವೇ ಬೇಡವೆಂದು, ಪರೀಕ್ಷೆಯ ನಂಬರಿಗೆ ಮಾತ್ರ ಒಂದು ಕಾಯಂ ಕೋಡ್ ಇಟ್ಟುಕೊಟ್ಟ. ಸ್ಕ್ರಿಪ್ಟಿಗೆ ಆ ಕೋಡ್ ಗೊತ್ತು, ಇನ್ನು ಯಾರೂ ಓದಿ ಹೇಳಬೇಕಾಗಿಲ್ಲ.

ಸ್ವಲ್ಪ ದಿನ ಕಳೆದ ಮೇಲೆ ಅಮ್ಮ ಕೇಳಿದಳು. “ಯಾಕೆ ಮರಿ, ಈಗ ಕೋಡೇ ಕೇಳಲ್ಲ? ಕೆಲಸ ಕಡಿಮೆ ಆಯ್ತಾ?”

“ಇಲ್ಲಮ್ಮ, ಈಗೆಲ್ಲ ಮಷೀನೇ ಮಾಡುತ್ತೆ.”

“ಮತ್ತೆ ಈ ಮೆಸೇಜುಗಳು? ರಾಶಿ ರಾಶಿ ಬರ್ತಿವೆ. ಬುಕ್ ಆಗಿದೆ ಅಂತ ಒಂದು, ರದ್ದಾಗಿದೆ ಅಂತ ಒಂದು.”

“ಬಂದ್ರೆ ಬರಲಿ ಬಿಡು. ನಮ್ಮ ಕಂಪನಿ ಹೆಸರಲ್ಲಿ ಏನೇ ಬಂದ್ರೂ ಓದಬೇಡ, ಅಳಿಸಿಬಿಡು.”

“ಓದೋದೇ ಬೇಡ್ವಾ?”

“ಬೇಡಮ್ಮ.”

ಅಮ್ಮ ಸರಿ ಅಂದಳು. ಎಕ್ಸ್‌ಚೇಂಜಿಗೆ ಹೊಸ ಯಂತ್ರ ಬಂದು, ಇನ್ನು ಜನ ತಾವೇ ನಂಬರು ತಿರುಗಿಸಿಕೊಳ್ಳುತ್ತಾರೆ ಎಂದು ಹೇಳಿದ ದಿನವೂ ಹೀಗೇ ಸರಿ ಅಂದಿದ್ದಳಂತೆ. ಮಗಳು ಲ್ಯಾಪ್‌ಟಾಪಿನಿಂದ ತಲೆ ಎತ್ತಿದ್ದರೆ ಅಮ್ಮನ ಮುಖ ಕಾಣುತ್ತಿತ್ತು. ಎತ್ತಲಿಲ್ಲ.

ಸ್ಕ್ರಿಪ್ಟುಗಳು ಪರೀಕ್ಷೆಗೆಂದೇ ಕಚೇರಿಯಲ್ಲಿ ಬೇರೆ ಇಟ್ಟಿದ್ದ ನಕಲು ಅಪ್ಲಿಕೇಶನ್ನಿನಲ್ಲಿ ಸರಿಯಾಗಿ ಓಡಿದ ಮೇಲೆ ಮುಖ್ಯಸ್ಥನಿಗೆ ಆಸೆ ಹೆಚ್ಚಿತು. ನಿಜವಾದ ಅಂಗಡಿಗಳು, ನಿಜವಾದ ಗಿರಾಕಿಗಳು ಇರುವ ಲೈವ್ ಅಪ್ಲಿಕೇಶನ್‌ನಲ್ಲೂ ದಿನಾ ಬೆಳಿಗ್ಗೆ ಆರಕ್ಕೆ, ಅಂಗಡಿಗಳ ಬಾಗಿಲು ತೆರೆಯುವ ಮೊದಲು, ಒಂದು ಸಣ್ಣ ಪರೀಕ್ಷೆ ಓಡಬೇಕು ಎಂದ. ಅದಕ್ಕೊಂದು ಸುಳ್ಳು ಅಂಗಡಿ ತೆರೆದರು. ಸ್ಕ್ರಿಪ್ಟು ಬೆಳಿಗ್ಗೆ ಪರೀಕ್ಷೆಯ ಗಿರಾಕಿಯಾಗಿ ಒಳಗೆ ಹೋಗಿ, ಸುಳ್ಳು ಅಂಗಡಿಯಲ್ಲಿ ಬುಕ್ ಮಾಡಿ, ಎಲ್ಲ ನೆಟ್ಟಗಿದೆಯೇ ನೋಡಿ, ಮಾಡಿದ್ದನ್ನು ರದ್ದು ಮಾಡಿ ಬರಬೇಕು. ಒಮ್ಮೆ ನಡುವೆ ಎಡವಿ, ಬುಕಿಂಗನ್ನು ಹಾಗೇ ಬಿಟ್ಟು ಬಂತು. ಮಾರನೆಯ ದಿನ ಆ ಹಳೆಯ ಬುಕಿಂಗಿಗೆ ತಾನೇ ಡಿಕ್ಕಿ ಹೊಡೆದು ಕೆಂಪು ತೋರಿಸಿತು. ಮುಖ್ಯಸ್ಥ ಆ ಕೆಂಪನ್ನು ನೋಡಿ ಅರ್ಧ ದಿನ ಮುಖ ಸಣ್ಣದು ಮಾಡಿಕೊಂಡ.

ಆಗ ಜರಡಿಗೆ ಹೊಳೆದದ್ದು ಪೊರಕೆ. ಸ್ಕ್ರಿಪ್ಟಿನ ಕೊನೆಗೆ ಒಂದು ಹಂತ ಸೇರಿಸಿದಳು: ಆಚೆ ಬರುವ ಮುನ್ನ ಈ ಗಿರಾಕಿಯ ಹೆಸರಿನಲ್ಲಿ ಮುಂದಿನ ಬುಕಿಂಗ್ ಏನೇನಿದೆಯೋ ಎಲ್ಲ ರದ್ದು ಮಾಡು. ಯಾವ ಅಂಗಡಿ, ಯಾವ ದಿನ ಎಂದು ಕೇಳುವ ಗೋಜೇ ಇಲ್ಲ. ಕೆಲಸ ಮುಗಿದ ಮೇಲೆ ಜಾಗ ಗುಡಿಸಿ ಬರಬೇಕೆಂದು ಚಿಕ್ಕಂದಿನಿಂದ ಅಮ್ಮ ಹೇಳಿ ಹೇಳಿ ಅವಳ ರಕ್ತಕ್ಕೇ ಇಳಿದಿತ್ತು. ಆವತ್ತಿನಿಂದ ಬೆಳಗಿನ ಪರೀಕ್ಷೆ ಕೆಂಪಾಗಿದ್ದೇ ಇಲ್ಲ. ಮುಖ್ಯಸ್ಥ ಎಲ್ಲರೆದುರು ಪರದೆಯ ಮೇಲೆ ಹಸಿರು ಸಾಲುಗಳನ್ನು ತೋರಿಸಿ, “ಜರಡಿಯ ಪೊರಕೆ ನೋಡಿ!” ಎಂದು ಚಪ್ಪಾಳೆ ಹೊಡೆಸಿದ. ಅವಳು ಉಬ್ಬಿಹೋದಳು. ಪರೀಕ್ಷೆಯ ಗಿರಾಕಿ ಎಂದರೆ ಅವಳ ಪಾಲಿಗೆ ಆಗಲೇ ಒಂದು ನಂಬರು ಅಷ್ಟೆ. ಆ ನಂಬರಿಗೆ ಒಂದು ಗಂಟಲು ಇದೆ, ಆ ಗಂಟಲು ಕೆಡಬಹುದು ಎಂಬುದು ಅವಳ ತಲೆಯ ಹತ್ತಿರವೂ ಸುಳಿಯಲಿಲ್ಲ.

ಗಂಟಲು ಕೆಡತೊಡಗಿದ್ದು ಆ ದಿನಗಳಲ್ಲೇ. ಮೊದಲು ಅಮ್ಮನ ದನಿ ಬೆಳಗಿನ ಹೊತ್ತು ಒಡೆಯುತ್ತಿತ್ತು. ಆಮೇಲೆ ಇಡೀ ದಿನ. ಶೀತ ಎಂದುಕೊಂಡರು, ಉಪ್ಪುನೀರು ಮುಕ್ಕಳಿಸಿದ್ದಾಯಿತು, ಬಿಸಿನೀರು ಕುಡಿದದ್ದಾಯಿತು. ಬೀದಿಯ ಕೊನೆಯ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಇದು ತಮ್ಮ ಕೈಲಾಗುವ ಕೆಲಸವಲ್ಲ, ದೊಡ್ಡ ಕ್ಲಿನಿಕ್‌ಗೆ ಹೋಗಿ ಗಂಟಲಿನ ತಜ್ಞರನ್ನೇ ಕಾಣಿ, ತಡ ಮಾಡಬೇಡಿ ಅಂದರು.

“ತಡ ಮಾಡಬೇಡಿ ಅಂದ್ರಾ? ನಾನೂ ಬರ್ತೀನಿ ಅಮ್ಮ.”

“ನೀನ್ಯಾಕೆ? ನಿನ್ನ ಬಿಡುಗಡೆ ಇದೆಯಲ್ಲ ಈ ವಾರ. ನಾನೇ ಹೋಗಿ ಹೊತ್ತು ಗೊತ್ತುಮಾಡಿಸ್ಕೊಂಡು ಬರ್ತೀನಿ.”

ಅಪ್ಲಿಕೇಶನ್‌ನ ಹೊಸ ರೂಪ ಬಿಡುಗಡೆಯಾಗುವ ವಾರ ಮನೆಯಲ್ಲಿ ಯಾರೂ ಮಗಳನ್ನು ಮಾತಾಡಿಸಬಾರದೆಂದು ಅಮ್ಮನಿಗೂ ಗೊತ್ತಿತ್ತು. ಹೋಗಿ ಬುಕ್ ಮಾಡಿಸಿ ಬಂದಳು. ಆ ತಜ್ಞರ ಸರದಿ ಸಿಗಬೇಕೆಂದರೆ ತಿಂಗಳ ಮೇಲೆ ಕಾಯಬೇಕು. ಕಾದಳು. ಹೇಳಿದ ದಿನ ಹೋಗಿ ಮಧ್ಯಾಹ್ನವೇ ವಾಪಸಾದಳು.

“ಡಾಕ್ಟರು ಏನಂದ್ರಮ್ಮ?”

“ಮುಂದಕ್ಕೆ ಹೋಯ್ತು,” ಎಂದು ಅಮ್ಮ ಚಪ್ಪಲಿ ಬಿಡುತ್ತ ಹೇಳಿದಳು. “ಬೇರೆ ದಿನ ಕೊಟ್ಟಿದಾರೆ.”

ಮತ್ತೆ ತಿಂಗಳು ದಾಟಿತು. ಮತ್ತೆ ಹೋಗಿ, ಮತ್ತೆ ಅದೇ ಮುಖ ಹೊತ್ತು ಬಂದಳು. ಈ ಸಲ ಕೇಳಿದ್ದಕ್ಕೆ ಕೈ ಅಲ್ಲಾಡಿಸಿ ಒಳಗೆ ಹೋದಳು. ಅಮ್ಮ ಫೋನನ್ನು ಕಪಾಟಿನ ಡ್ರಾಯರಿನಲ್ಲಿಟ್ಟು ಬೀಗ ಹಾಕುವುದನ್ನು ಮಗಳು ಒಂದೆರಡು ಸಲ ನೋಡಿದಳು; ವಯಸ್ಸಾದವರ ವಿಚಿತ್ರ ಎಂದುಕೊಂಡಳು. ದೊಡ್ಡ ಡಾಕ್ಟರುಗಳ ಕೊಬ್ಬು ಎಂದು ಆ ಕ್ಲಿನಿಕ್ ಅನ್ನೂ ಬೈದಳು. ಬೈದು ಮತ್ತೆ ಕೆಲಸಕ್ಕೆ ಕೂತಳು. ಮೂರನೆಯ ಸಲದ ಹೊತ್ತಿಗೆ ಅಮ್ಮನ ದನಿ ಹರಿದ ಕಾಗದದ ಸದ್ದಿನಂತಾಗಿತ್ತು. ಆಗ ಮಗಳಿಗೆ ನಿಜವಾಗಿ ಹೆದರಿಕೆ ಹುಟ್ಟಿತು. ರಜೆ ಹಾಕಿ ಜೊತೆಯಲ್ಲಿ ಹೊರಟಳು. ಈ ಸಲ ಮುಂದಕ್ಕೆ ಹಾಕಿದರೆ ಜಗಳವಾಡಿಯೇ ಬರುವುದು ಎಂದು ಮನಸ್ಸಿನಲ್ಲೇ ಮಾತುಗಳನ್ನು ಹೊಂದಿಸಿಕೊಂಡಿದ್ದಳು.

ಕ್ಲಿನಿಕ್‌ನ ಕೌಂಟರಿನಲ್ಲಿ ರಿಸೆಪ್ಷನ್ ಹೆಂಗಸು ಕಂಪ್ಯೂಟರ್ ನೋಡಿ ತಲೆಯಾಡಿಸಿದಳು. “ಇವತ್ತು ನಿಮ್ಮ ಹೆಸರಲ್ಲಿ ಏನೂ ಇಲ್ಲ.”

“ಇಲ್ಲ ಅಂದ್ರೆ? ನಮ್ಮಮ್ಮ ಇಲ್ಲೇ, ನಿಮ್ಮೆದುರೇ ನಿಂತು ಬುಕ್ ಮಾಡಿಸಿದಾರೆ. ಇದು ಮೂರನೇ ಸಲ. ವಯಸ್ಸಾದವರನ್ನ ಹೀಗೆ ಅಲೆಸ್ತೀರಲ್ಲ, ನಿಮಗೆ ಸ್ವಲ್ಪಾನಾದ್ರೂ...”

“ನಾವು ಅಲೆಸ್ತಿಲ್ಲ ಮೇಡಂ,” ಎಂದು ಅವಳು ಬೇಸರವಿಲ್ಲದೆ ಹೇಳಿದಳು. “ಇವರೇ ಪ್ರತಿ ಸಲ ಬುಕ್ ಮಾಡಿಸಿ, ಮಾರನೇ ದಿನಾನೇ ಕ್ಯಾನ್ಸಲ್ ಮಾಡ್ತಾರೆ. ನಾನು ಅವರಿಗೂ ಹೇಳಿದೀನಿ. ಬೇಕಾದ್ರೆ ನೀವೇ ನೋಡಿ.”

ಪರದೆಯನ್ನು ಇವಳ ಕಡೆ ತಿರುಗಿಸಿದಳು.

ಜರಡಿ ಮೊದಲು ನೋಡಿದ್ದು ಬಣ್ಣ. ಆಮೇಲೆ ಬಟನ್‌ಗಳ ಜಾಗ. ಬಲತುದಿಯಲ್ಲಿ ಒಂದು ಕೂದಲೆಳೆಯಷ್ಟು ಓರೆಯಾಗಿ ನಿಂತಿದ್ದ ಗೆರೆ. ಅದನ್ನು ತಾನೇ ಹಿಡಿದು, ಸಣ್ಣ ತಪ್ಪು, ಆಮೇಲೆ ಸರಿ ಮಾಡಿದರಾಯಿತು ಎಂದು ಬಿಟ್ಟಿದ್ದಳು. ತಮ್ಮದೇ ಅಪ್ಲಿಕೇಶನ್. ಅಮ್ಮನ ನಂಬರಿನ ಕೆಳಗೆ ಮೂರು ಬುಕಿಂಗುಗಳು, ಮೂರರ ಮೇಲೂ ಅಡ್ಡಗೆರೆ, ಮೂರರ ಪಕ್ಕದಲ್ಲೂ ಒಂದೇ ಮಾತು: ಗಿರಾಕಿಯಿಂದ ರದ್ದು, ಬೆಳಿಗ್ಗೆ ಆರು ಗಂಟೆ.

ಆಡಬೇಕೆಂದು ಹೊಂದಿಸಿಕೊಂಡಿದ್ದ ಮಾತುಗಳು ಅಲ್ಲೇ ಒಣಗಿಹೋದವು.

ಪಕ್ಕದಲ್ಲಿ ಅಮ್ಮ ಕೌಂಟರಿನತ್ತ ಬಾಗಿ, ಇದ್ದ ಉಸಿರನ್ನೆಲ್ಲ ಕೂಡಿಸಿ ಪಿಸುಗುಟ್ಟುತ್ತಿದ್ದಳು. “ತಪ್ಪಾಯ್ತಮ್ಮ. ನನ್ನ ಕೈ ತಾಗಿರಬೇಕು. ಇದೊಂದ್ಸಲ ಹೇಗಾದ್ರೂ ನೋಡು.”

ರಿಸೆಪ್ಷನ್ ಹೆಂಗಸಿಗೆ ಆ ದನಿ ಕೇಳಿಯೇ ಮನಸ್ಸು ಕರಗಿತು. ಎಲ್ಲರ ಸರದಿ ಮುಗಿದ ಮೇಲೆ ಒಳಗೆ ಬಿಡುತ್ತೇನೆ, ಕೂತಿರಿ ಎಂದಳು. ಇಬ್ಬರೂ ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರು. ಎದುರಿಗೆ ನೀರಿನ ಯಂತ್ರ ಆಗಾಗ ಗುಳುಗುಳು ಅನ್ನುತ್ತಿತ್ತು. ಬಹಳ ಹೊತ್ತು ಕಳೆದ ಮೇಲೆ ಅಮ್ಮ ಮಗಳ ಮೊಣಕೈ ಮುಟ್ಟಿದಳು.

“ಮರಿ, ನಿನಗೊಂದು ಹೇಳ್ಬೇಕು. ಬೈಬೇಡ.”

“ಹೇಳಮ್ಮ.”

“ನನ್ನ ತಲೆ ಸರಿಯಿಲ್ಲ ಅನ್ಸುತ್ತೆ. ಮೊದಲನೇ ಸಲ ಏನೋ ಒತ್ತಿರ್ತೀನಿ ಅಂದ್ಕೊಂಡೆ. ಎರಡನೇ ಸಲ ಫೋನು ಮುಟ್ಟೇ ಇಲ್ಲ, ಆದ್ರೂ ಕ್ಯಾನ್ಸಲ್ ಅಂದ್ರು. ಅದಕ್ಕೇ ಈ ಸಲ ಡ್ರಾಯರಲ್ಲಿಟ್ಟು ಬೀಗ ಹಾಕ್ದೆ. ಬೆಳಗ್ಗೆ ನಿದ್ದೆಗಣ್ಣಲ್ಲಿ ಎದ್ದು ಒತ್ತಿಬಿಡ್ತೀನೇನೋ ಅಂತ.” ಸ್ವಲ್ಪ ಸುಧಾರಿಸಿಕೊಂಡಳು. “ಇಷ್ಟು ವರ್ಷ ಜನರ ಲೈನ್ ಜೋಡಿಸಿದೀನಿ. ಒಂದು ತಪ್ಪು ಮಾಡಿಲ್ಲ. ಈಗ ಅರಳುಮರಳು ಶುರುವಾಯ್ತು. ನಿನಗೆ ಗೊತ್ತಾದ್ರೆ ಎಲ್ಲಿ ನನ್ನ ಒಬ್ಬಳನ್ನೇ ಬಿಡೋಕೆ ಹೆದರಿ ಕೆಲಸ ಬಿಡ್ತೀಯೋ ಅಂತ ಹೇಳಲಿಲ್ಲ.”

ಹೇಳಬೇಕಾಗಿದ್ದದ್ದು ಆಗಲೇ. ಮಾತು ನಾಲಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಒಳಗಿಂದ ಕರೆದರು. ಕರೆದದ್ದಕ್ಕೆ ತನಗೆ ಹಾಯೆನಿಸಿತು ಎಂಬುದನ್ನು ಮಗಳು ಇವತ್ತಿಗೂ ಮರೆತಿಲ್ಲ. ಅಷ್ಟು ಹೇಡಿ ತಾನೆಂದು ಅವಳಿಗೆ ಅದುವರೆಗೆ ತಿಳಿದಿರಲಿಲ್ಲ.

ಡಾಕ್ಟರು ಮೂಗಿನಿಂದ ತೆಳುವಾದ ಕೊಳವೆ ಇಳಿಸಿ ನೋಡಿದರು. ಮಾತು ಕಡಿಮೆ ಮಾಡಿದರು. ಅದು ಒಳ್ಳೆಯ ಗುರುತಲ್ಲವೆಂದು ಇಬ್ಬರಿಗೂ ಗೊತ್ತಾಯಿತು. ಮತ್ತೆರಡು ದಿನಕ್ಕೆ ಕರೆಸಿ, ಒಳಗಿನ ಗಂಟಿನಿಂದ ಸಣ್ಣ ತುಣುಕು ತೆಗೆದು ಲ್ಯಾಬಿಗೆ ಕಳಿಸಿದರು.

ಜರಡಿ ಕಚೇರಿಗೆ ಹೋದವಳೇ, ಯಾರನ್ನೂ ಕೇಳದೆ, ಬೆಳಗಿನ ಪರೀಕ್ಷೆಯನ್ನು ನಿಲ್ಲಿಸಿದಳು. ಮುಖ್ಯಸ್ಥ ಓಡಿಬಂದ. ಅವಳು ಪೊರಕೆಯ ಸಾಲನ್ನು ತೋರಿಸಿ, ಇದು ಸುಳ್ಳು ಅಂಗಡಿಯದ್ದಲ್ಲದೆ ಬೇರೆ ಬುಕಿಂಗನ್ನೂ ಗುಡಿಸಿದೆ, ನಿಜವಾದ ಕ್ಲಿನಿಕ್‌ನ ಬುಕಿಂಗನ್ನು ಮೂರು ಸಲ ಗುಡಿಸಿದೆ ಎಂದಳು. ಅವನ ಮುಖ ಬಿಳಿಚಿತು.

“ಎಷ್ಟು ಗಿರಾಕಿಗಳು?”

“ಒಂದೇ ನಂಬರು. ಪರೀಕ್ಷೆಯ ನಂಬರು.”

“ಓ, ಅಷ್ಟೇನಾ!” ಅವನ ಮುಖ ಅರಳಿತು. “ಜೀವ ಹೋದಂಗಾಗಿತ್ತು ಮಾರಾಯ್ತಿ. ನಿಜವಾದ ಗಿರಾಕಿಗಳಿಗೇನೂ ಆಗಿಲ್ವಲ್ಲ, ಸದ್ಯ.”

“ಅದು ನಮ್ಮಮ್ಮನ ನಂಬರು.”

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಎದುರಿನ ಕುರ್ಚಿಯಲ್ಲಿ ಕೂತ. ಕೊನೆಗೆ, ಎಷ್ಟು ದಿನ ಬೇಕೋ ರಜೆ ತೆಗೆದುಕೊಳ್ಳಿ ಎಂದ. ಇವನನ್ನು ಬೈಯಲು ಅವಳಿಗೆ ಬಾಯಿ ಬರಲಿಲ್ಲ. ಚಪ್ಪಾಳೆ ಹೊಡೆಸಿದವನು ಇವನಾದರೂ ಉಬ್ಬಿದ್ದು ತಾನಲ್ಲವೇ? ಇನ್ನೊಬ್ಬರು ಬರೆದ ಸ್ಕ್ರಿಪ್ಟಿನಲ್ಲಿ ಇಂಥ ಸಾಲು ಕಂಡಿದ್ದರೆ ತಾನೇ ಮೂಗು ಮುರಿದು, ‘ಎಲ್ಲ’ ಅಂದರೆ ಏನೇನು ಎಂದು ಕೇಳುತ್ತಿದ್ದಳು. ತನ್ನದನ್ನು ಮಾತ್ರ ಜರಡಿ ಹಿಡಿಯಲಿಲ್ಲ.

ಲ್ಯಾಬಿನ ಫಲಿತಾಂಶ ಕೆಟ್ಟದ್ದೇ ಬಂತು. ಡಾಕ್ಟರು ಚಿತ್ರ ಬರೆದು ವಿವರಿಸಿದರು. ಗಂಟು ದನಿಪೆಟ್ಟಿಗೆಯನ್ನೆಲ್ಲ ಹಿಡಿದುಬಿಟ್ಟಿದೆ. ಪೆಟ್ಟಿಗೆಯನ್ನೇ ತೆಗೆಯಬೇಕು. ಕುತ್ತಿಗೆಯಲ್ಲಿ ಉಸಿರಾಟಕ್ಕೆ ದಾರಿ ಮಾಡುತ್ತೇವೆ. ಜೀವಕ್ಕೆ ಭಯ ಇಟ್ಟುಕೊಳ್ಳಬೇಡಿ, ಒಳ್ಳೆಯ ಭರವಸೆ ಇದೆ.

“ಮಾತು?” ಎಂದು ಅಮ್ಮ ಪಿಸುಗುಟ್ಟಿದಳು.

“ಈ ದನಿ ಇರಲ್ಲ ಅಮ್ಮ. ಬೇರೆ ಉಪಾಯಗಳಿವೆ. ಯಂತ್ರ ಇಟ್ಟು ಮಾತಾಡೋದು ಕಲಿಸ್ತೀವಿ.”

“ಎರಡು ಮೂರು ತಿಂಗಳು ಮೊದಲೇ ಬಂದಿದ್ರೆ?” ಎಂದು ಕೇಳಿದವಳು ಮಗಳು. ಕೇಳದೆ ಇರಲು ಅವಳಿಂದಾಗಲಿಲ್ಲ.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. “ಉಳಿಸಬಹುದಿತ್ತೇನೋ. ಖಂಡಿತ ಅಂತ ನಾನು ಹೇಳಲಾರೆ.”

ಹಸಿರು ಅಥವಾ ಕೆಂಪು ಎಂದು ಹೇಳಿದ್ದರೆ ಆಗುತ್ತಿತ್ತು. ಎರಡೂ ಅಲ್ಲದ ಆ ಉತ್ತರವನ್ನು ಇಟ್ಟುಕೊಂಡು ಏನು ಮಾಡಬೇಕೆಂದೇ ಅವಳಿಗೆ ತಿಳಿಯಲಿಲ್ಲ.

ಹೊರಗೆ, ಕ್ಲಿನಿಕ್‌ನ ಪಕ್ಕದ ಬಸ್ ನಿಲ್ದಾಣದಲ್ಲಿ ಕೂತು ಅವಳು ಹೇಳಿದಳು. ಒಂದು ಬಸ್ಸು ಬಂದು ಹೋಗಿತ್ತು, ಇಬ್ಬರೂ ಹತ್ತಿರಲಿಲ್ಲ.

“ಅಮ್ಮ, ನಿನ್ನ ತಲೆ ಸರಿಯಾಗಿದೆ. ಕ್ಯಾನ್ಸಲ್ ಮಾಡಿದ್ದು ನೀನಲ್ಲ. ನಾನು.”

ಎಲ್ಲ ಹೇಳಿದಳು. ಪೊರಕೆ, ಆರು ಗಂಟೆ, ಚಪ್ಪಾಳೆ, ಯಾವುದನ್ನೂ ಬಿಡಲಿಲ್ಲ. ಅಮ್ಮ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ರಸ್ತೆ ನೋಡುತ್ತ ಕೇಳಿದಳು.

“ಹಾಗಾದ್ರೆ ನಾನು ಏನೂ ಒತ್ತಿಲ್ಲ?”

“ಇಲ್ಲಮ್ಮ.”

“ಒಂದ್ಸಲಾನೂ?”

“ಒಂದ್ಸಲಾನೂ ಇಲ್ಲ.”

ಅಮ್ಮ ನಕ್ಕುಬಿಟ್ಟಳು. ಸದ್ದಿಲ್ಲದ ನಗು, ಭುಜ ಅಲ್ಲಾಡಿದ್ದರಿಂದ ನಗುತ್ತಿದ್ದಾಳೆಂದು ಗೊತ್ತಾಯಿತು. ತಲೆ ಕೆಟ್ಟಿಲ್ಲವೆಂಬ ಸಂತೋಷ ಮುಖದಲ್ಲಿ ಅಷ್ಟು ನಿಚ್ಚಳವಾಗಿತ್ತು. ಆಮೇಲೆ ನಗು ನಿಂತಿತು.

“ಬೈಯಮ್ಮ. ಬಾಯಿಗೆ ಬಂದಂಗೆ ಬೈ.”

“ಬೈಯೋದಕ್ಕೂ ಗಂಟಲು ಬೇಕಲ್ಲೇ.”

ಇನ್ನೊಂದು ಬಸ್ಸು ಬಂತು. ಅಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. ಮೆಟ್ಟಿಲು ಹತ್ತುವ ಮುನ್ನ ತಿರುಗಿ, ಮಗಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. “ಮೊದಲಿನ ಹಾಗೆ ಓದ್ತಾ ಇದ್ದಿದ್ರೆ, ಕ್ಲಿನಿಕ್‌ದು ರದ್ದಾಗಿದೆ ಅಂತ ಅವತ್ತೇ ಗೊತ್ತಾಗ್ತಿತ್ತು. ಓದಬೇಡ ಅಂದೆ ನೀನು.”

ಆ ದಿನವೆಲ್ಲ ಅಮ್ಮ ಮಗಳೊಡನೆ ಮಾತಾಡಲಿಲ್ಲ. ಗಂಟಲಿನ ಕಾರಣಕ್ಕಲ್ಲ.

ಮರುದಿನದಿಂದ ಅಮ್ಮ ಉಳಿದ ದನಿಯನ್ನು ಕೈಬಿಚ್ಚಿ ಖರ್ಚು ಮಾಡತೊಡಗಿದಳು. ಎಕ್ಸ್‌ಚೇಂಜಿನ ಹಳೆಯ ಗೆಳತಿಯರಿಗೆಲ್ಲ ಫೋನು ಮಾಡಿದಳು. ಕೆಳಗಿನ ಮನೆಯ ಬೆಕ್ಕನ್ನೂ ಬಿಡದೆ ಮಾತಾಡಿಸಿದಳು. ತರಕಾರಿಯವನಿಗೆ ಮನೆ ನಂಬರನ್ನು ಎರಡು ಸಲ ಹೇಳಿದಳು. ಅವನು ಈಗ ಅರ್ಧ ಮೆಟ್ಟಿಲು ಇಳಿಯದೆ ಪೂರ್ತಿ ಕೇಳಿಸಿಕೊಂಡು ಹೋದ. ದನಿಯನ್ನು ರೆಕಾರ್ಡ್ ಮಾಡಿಟ್ಟುಕೊಳ್ಳೋಣ ಎಂದು ಮಗಳು ಹೆದರುತ್ತ ಹೆದರುತ್ತ ಕೇಳಿದ್ದಕ್ಕೆ ಕೆರಳಿದಳು. “ನಾನೇನು ಸತ್ತೆನಾ? ಒಂದೂ ಬೇಡ.” ಮಗಳು ಮತ್ತೆ ಆ ಮಾತೆತ್ತಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಅಮ್ಮನನ್ನು ವಾರ್ಡಿಗೆ ಸೇರಿಸಿದ್ದಾಗಿತ್ತು. ಕಿಟಕಿಯ ಬಿಸಿಲು ಹಾಸಿಗೆಯ ಕಾಲಿನವರೆಗೆ ಬಂದಿತ್ತು. ಕಚೇರಿಯಿಂದ ಪಕ್ಕದ ಮೇಜಿನ ಪ್ರೋಗ್ರಾಮರ್ ಕರೆ ಮಾಡಿದ. ಅಮ್ಮನ ನಂಬರಿಗೆ ಇಟ್ಟಿದ್ದ ಕಾಯಂ ಕೋಡನ್ನು ಕಿತ್ತುಹಾಕಿದೆ, ಇನ್ನು ಆ ನಂಬರನ್ನು ಪರೀಕ್ಷೆಯಿಂದ ಬಿಡಿಸಬೇಕಾದರೆ ಎಲ್ಲ ಗಿರಾಕಿಗಳಿಗೂ ಇರುವ ದಾರಿಯೇ, ನಿಜವಾದ ಕೋಡ್ ಹೋಗುತ್ತದೆ, ಅಮ್ಮನ ಫೋನಿನಲ್ಲಿ ನೋಡಿ ಹಾಕಿ ಎಂದ. ದನಿ ತಗ್ಗಿಸಿ, “ಅಮ್ಮ ಹೇಗಿದಾರೆ?” ಎಂದೂ ಕೇಳಿದ.

ಜರಡಿ ಹಾಸಿಗೆಯ ಕಾಲ ಬಳಿ ಕೂತು ಲ್ಯಾಪ್‌ಟಾಪ್ ತೆರೆದಳು. ನಂಬರು ಹಾಕಿ ಬಟನ್ ಒತ್ತಿದಳು. ದಿಂಬಿನ ಪಕ್ಕದಲ್ಲಿದ್ದ ಫೋನು ಸದ್ದು ಮಾಡಿತು. ಅವಳು ಕೈ ಚಾಚುವಷ್ಟರಲ್ಲಿ ಅಮ್ಮ ಅದನ್ನು ಆಚೆ ಎಳೆದುಕೊಂಡಳು.

“ಕೋಡಾ?”

“ಹೂಂ. ಕೊಡಮ್ಮ, ನಾನೇ ನೋಡ್ಕೋತೀನಿ. ನೀನು ಆಯಾಸ ಮಾಡ್ಕೋಬೇಡ.”

“ಬಿಡು. ನಾನು ಓದ್ತೀನಿ.”

ಕನ್ನಡಕ ಚೀಲದೊಳಗೆ ಹೋಗಿತ್ತು. ಅಮ್ಮ ದಿಂಬಿಗೆ ಒರಗಿ ನೆಟ್ಟಗೆ ಕೂತಳು, ಫೋನನ್ನು ತೋಳುದ್ದ ದೂರ ಹಿಡಿದಳು, ಕಣ್ಣು ಕಿರಿದು ಮಾಡಿದಳು. ಗಂಟಲು ಸರಿಮಾಡಿಕೊಳ್ಳಲು ನೋಡಿ, ಆಗದೆ, ಹಾಗೆಯೇ ಶುರು ಮಾಡಿದಳು.

“ಮೂರು ಎಂಟು.” ಉಸಿರು ತೆಗೆದುಕೊಂಡಳು. “ಒಂದು ನಾಲ್ಕು. ಪುನಃ ಹೇಳ್ತೀನಿ. ಮೂರು ಎಂಟು. ಒಂದು ನಾಲ್ಕು.” ಆಮೇಲೆ, ಪದ್ಧತಿ ಬಿಡದೆ, “ಕೇಳಿಸ್ತಾ?”

ಒಂದಂಕಿಯೂ ಬಿಡದೆ ಕೇಳಿಸಿತ್ತು. ಬೆರಳುಗಳು ಕೀಲಿಗಳ ಮೇಲೆಯೇ ಇದ್ದವು. ನಾಲ್ಕು ಸಲ ಒತ್ತಿದರೆ ಮುಗಿಯುತ್ತಿತ್ತು.

“ಇಲ್ಲಮ್ಮ,” ಎಂದಳು ಮಗಳು. “ಕೇಳಿಸಲಿಲ್ಲ. ಇನ್ನೊಂದ್ಸಲ ಹೇಳು.”

ಅಮ್ಮ ಫೋನನ್ನು ಕೆಳಗಿಳಿಸಿ ಅವಳನ್ನು ನೋಡಿದಳು. ಆಚೆ ತುದಿಯಲ್ಲಿರುವವರು ಕೇಳಿಸಿಕೊಂಡೂ ಕೇಳಿಸಲಿಲ್ಲ ಎನ್ನುವುದನ್ನು ಅವಳು ಕೆಲಸದ ಉದ್ದಕ್ಕೂ ಕಂಡವಳು. ಯಾಕೆ ಹಾಗೆನ್ನುತ್ತಾರೆ ಎಂಬುದೂ ಗೊತ್ತಿದ್ದವಳು. ಮತ್ತೆ ಫೋನನ್ನು ತೋಳುದ್ದ ಹಿಡಿದು, ಮೊದಲಿನಿಂದ ಶುರು ಮಾಡಿದಳು.